ಗಾಮುಲ್ ಮಗು ಮಡಿಲಿಗೆ ಬಂದದ್ದು

ಮೊಲೆ ಬಿಡಿಸುವಾಗ ಮೊದಲು ಮಧ್ಯಾಹ್ನದ ಹಾಲು ನಿಲ್ಲಿಸಬೇಕು. ಆಮೇಲೆ ಬೆಳಗಿನದು. ಮಲಗುವ ಹೊತ್ತಿನದು ಕೊನೆಗೆ. ಇದನ್ನು ಹಿಂದುಮುಂದು ಮಾಡಿದರೆ ಮಗುವೂ ಕೆಡುತ್ತದೆ, ತಾಯಿಯ ಎದೆಯೂ ಕಲ್ಲಾಗುತ್ತದೆ. ಬಾಣಂತನ ಮಾಡಿಕೊಂಡೇ ಮುದುಕಿಯಾದವಳು ನಾನು, ಇಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಒಂದಿತ್ತು. ಅದು ಬಸವೇಶ್ವರನಗರದ ಒಂದು ಮನೆಯಲ್ಲಿ, ಹೀಬ್ರೂ ಅನ್ನುವ ಹಳೇ ಭಾಷೆಯ ಒಂದು ಮಾತಿನಿಂದ ಗೊತ್ತಾಯಿತು. ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ. ಇದನ್ನು ಬರೆಯುವಾಗ ನಾನು ಒತ್ತಕ್ಷರ ಬಿಟ್ಟ ಕಡೆ ಆ ಮನೆಯ ತಾಯಿ ಹಾಕಿಕೊಟ್ಟಿದ್ದಾಳೆ. ಮಾತು ಮುಟ್ಟಬೇಡ ಅಂದಿದ್ದೇನೆ.

ಆ ಮನೆಯ ಗಂಡುಮಗುವನ್ನು ಹುಟ್ಟಿದ ಹನ್ನೊಂದನೇ ದಿನದಿಂದ ಮೂರು ತಿಂಗಳು ಕಾಲಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ನಾನೇ. ಅವರು ಕ್ರೈಸ್ತರು. ಎಣ್ಣೆಗೂ ಬಿಸಿನೀರಿಗೂ ಅದು ಗೊತ್ತಾಗುವುದಿಲ್ಲ. ಮಗುವಿಗೆ ಒಂದು ವರ್ಷ ಒಂಬತ್ತು ತಿಂಗಳಾಗಿದ್ದಾಗ ತಾಯಿ ಫೋನ್ ಮಾಡಿದಳು.

“ಅಜ್ಜಿ, ಇವನಿಗೆ ಮೊಲೆ ಬಿಡಿಸ್ಬೇಕು. ಬರ್ತೀರಾ?”

“ಎರಡು ವರ್ಷ ತುಂಬ್ಲಿ ಬಿಡೇ. ಏನವಸರ?”

“ಅವಸರ ನನಗಲ್ಲ ಅಜ್ಜಿ, ಡಾಕ್ಟರಿಗೆ.”

ಮೂಡಲಪಾಳ್ಯದಿಂದ ಬಸ್ ಹಿಡಿದು ಮಾರನೇ ಬೆಳಿಗ್ಗೆ ಹೋದೆ. ಅವಳ ಕುತ್ತಿಗೆಯ ಗ್ರಂಥಿಗೆ ಕಾಯಿಲೆ. ಅದಕ್ಕೆ ಒಂದು ಔಷಧಿ ಕುಡಿಸುತ್ತಾರೆ. ಕುಡಿಸುವುದಕ್ಕೆ ಆರು ವಾರ ಮೊದಲೇ ಎದೆಹಾಲು ನಿಂತಿರಬೇಕು. ಕುಡಿದ ಮೇಲೆ ಕೆಲವು ದಿನ ಮೈಯಿಂದ ಕಿರಣ ಹೊರಡುತ್ತದಂತೆ, ಮಗುವನ್ನು ಎತ್ತಿಕೊಳ್ಳುವಂತಿಲ್ಲ, ಪಕ್ಕದಲ್ಲಿ ಮಲಗಿಸುವಂತಿಲ್ಲ. ಡಾಕ್ಟರು ದಿನ ಗೊತ್ತು ಮಾಡಿಯಾಗಿತ್ತು. ನನ್ನ ಕೈಯಲ್ಲಿದ್ದದ್ದು ಹನ್ನೆರಡು ದಿನ.

“ಹಾಲು ಹೋದ್ರೆ ಹೋಗ್ಲಿ ಅಜ್ಜಿ,” ಅಂದಳು. “ಈಗ ಹಾಲೂ ಇಲ್ಲ, ಆಮೇಲೆ ಅಮ್ಮಾನೂ ಇಲ್ಲ ಅಂದ್ರೆ, ನಾನು ವಾಪಸ್ ಬಂದಾಗ ಇವನು ನನ್ನ ಹತ್ರ ಬರ್ತಾನಾ? ಅದನ್ನ ಹೇಳಿ.”

“ಬರ್ದೆ ಎಲ್ಲೋಗ್ತಾನೆ,” ಅಂದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ರಾಗಿ ಡಬ್ಬ ಎಲ್ಲಿದೆ ಅಂತ ಹುಡುಕಿದೆ.

ಮೊದಲ ದಿನ ಮಧ್ಯಾಹ್ನದ ಹಾಲಿನ ಹೊತ್ತಿಗೆ ಅರ್ಧ ಗಂಟೆ ಮುಂಚೆ ರಾಗಿ ಸರಿ ತಿನ್ನಿಸಿ, ಹೊರಗೆ ತಿರುಗಿಸಿಕೊಂಡು ಬಂದೆ. ಹೊಟ್ಟೆ ತುಂಬಿದ ಮಗು ಅಭ್ಯಾಸಕ್ಕೆ ನಾಲ್ಕು ಗುಟುಕು ಎಳೆದು ಬಿಟ್ಟಿತು. ತಾಯಿಗೆ ಮಲ್ಲಿಗೆ ಕಟ್ಟಿದೆ. ಇದು ನಮ್ಮ ಕಡೆಯ ಮದ್ದು. ದುಂಡುಮಲ್ಲಿಗೆಯ ದಂಡೆಯನ್ನು ಎರಡೂ ಎದೆಯ ಮೇಲೆ ಸುತ್ತಿ ಹಳೇ ಪಂಚೆಯಿಂದ ಬಿಗಿದು, ದಿನಾ ಬದಲಾಯಿಸಿದರೆ ಹಾಲು ತಾನಾಗಿ ಹಿಂದೆ ಸರಿಯುತ್ತದೆ. ತೀರಾ ಬಿಗಿದರೆ ಗಂಟಾಗುತ್ತದೆ. ನೋವು ತಡೆಯದಾದಾಗ ಮಾತ್ರ ಸ್ವಲ್ಪ ಹಿಂಡಿ ತೆಗೆಯಬೇಕು. ಪೂರ್ತಿ ಹಿಂಡಿದರೆ ಎದೆಗೆ ಮಗು ಕೇಳುತ್ತಿದೆ ಅಂತಲೇ ಲೆಕ್ಕ, ಮತ್ತೆ ತುಂಬಿಕೊಳ್ಳುತ್ತದೆ. ವಿಜಯನಗರದ ಹೂವಿನವಳು ದಿನಾ ಎರಡು ಮೊಳ ಒಯ್ಯುವ ನನ್ನನ್ನು ನೋಡಿ, “ಏನಜ್ಜಿ, ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ?” ಅಂದಳು. “ನಿನ್ ಗಂಡಂಗೆ,” ಅಂದೆ. ಅವಳು ಒಂದು ಗೇಣು ಜಾಸ್ತಿ ಹಾಕಿದಳು.

ತಾಯಿಯ ಕೆಲಸ ಬೈಬಲಿನ ಹಾಡುಗಳನ್ನು ಹೀಬ್ರೂ ಭಾಷೆಯಿಂದ ಕನ್ನಡಕ್ಕೆ ತರುವುದು. ಅಡುಗೆಮನೆಯ ಮೇಜಿನ ತುಂಬ ಹಾಳೆ ಹರಡಿಕೊಂಡಿರುತ್ತಿದ್ದಳು. ಅವಳು ಬರೆದದ್ದನ್ನು ತಿದ್ದುವವರು ಒಬ್ಬರು ಮೇಷ್ಟ್ರು. ಆ ಭಾಷೆ ಓದಿದವರು, ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವವರು. ಎರಡನೇ ದಿನ ಅವರ ಜೊತೆ ಅವಳು ವಾದ ಮಾಡಿ ಫೋನ್ ಇಟ್ಟಳು. ನಾನು ಅವಳ ಮಲ್ಲಿಗೆ ಬಿಚ್ಚುತ್ತಿದ್ದೆ.

“ಏನಂತೆ ಮೇಷ್ಟ್ರದು?”

“ಒಂದು ಪದ ಅಜ್ಜಿ. ಗಾಮುಲ್ ಅಂತ. ಮೂರೇ ಸಾಲಿನ ಒಂದು ಹಾಡಿದೆ. ನನ್ನ ಮನಸ್ಸು ದೊಡ್ಡ ದೊಡ್ಡದಕ್ಕೆ ಹಾರಾಡೋದಿಲ್ಲ, ಅದನ್ನ ಸುಮ್ಮನಾಗಿಸಿದೀನಿ, ಅಂತ. ಹೇಗೆ ಸುಮ್ಮನಿದೆ ಅಂದ್ರೆ, ತಾಯಿ ಮೇಲಿರೋ ಗಾಮುಲ್ ಥರ.”

“ಅಂದ್ರೆ?”

“ಮೊಲೆ ಬಿಟ್ಟ ಮಗು.”

ನಾನು ನಕ್ಕುಬಿಟ್ಟೆ. “ಮೊಲೆ ಬಿಟ್ಟ ಮಗು ಸುಮ್ನಿರುತ್ತಂತಾ? ಬರ್ದೋನು ಗಂಡ್ಸೇ ಕಣಮ್ಮ. ಮಗು ಅಳೋವಾಗ ಎದ್ದು ಆಚೆ ಹೋಗಿರ್ತಾನೆ.”

“ಹಾಡಿನ ಮೇಲೆ ರಾಜನ ಹೆಸರಿದೆ. ಆದ್ರೆ ಬರೆದೋಳು ಹೆಂಗಸಿರಬಹುದು ಅಂತಾನೂ ಕೆಲವರು ಅಂತಾರೆ. ಮೇಷ್ಟ್ರೂ ನಿಮ್ಮ ಥರಾನೇ. ಮೊಲೆ ಬಿಟ್ಟ ಮಗು ಅಂದ್ರೆ ಓದೋರಿಗೆ ರಚ್ಚೆ ಹಿಡಿದ ಮಗು ಕಾಣುತ್ತೆ, ಅದಕ್ಕೇ ಹಾಲು ಕುಡಿದು ತಣಿದ ಕೂಸು ಅಂತ ಹಾಕು ಅಂತಾರೆ. ಹಾಗೆ ಅರ್ಥ ಮಾಡೋ ಪಂಡಿತರೂ ಇದಾರೆ.”

“ಮೇಷ್ಟ್ರು ಹೇಳಿದ್ದೇ ಸರಿ. ಹಾಲು ಕುಡ್ದ ಕೂಸೇ ಸುಮ್ನಿರೋದು. ಹಾಗೇ ಬರಿ.”

ಅವಳು ಬರೆಯಲಿಲ್ಲ. ಪೆನ್ನು ಕಚ್ಚಿಕೊಂಡು ಕೂತಳು.

ಮೂರನೇ ದಿನ ಬೆಳಗಿನ ಹಾಲಿಗೆ ಕೈ ಹಾಕಿದೆ. ಬೇವಿನ ಸೊಪ್ಪು ನುಣ್ಣಗೆ ಅರೆದು ತಾಯಿಯ ಎದೆಗೆ ಹಚ್ಚಿದೆ. ಇಂಥ ಮನೆಗಳು ಎಷ್ಟು ನೋಡಿಲ್ಲ ನಾನು. ಒಂದು ಸಲ ಬಾಯಿಟ್ಟ ಮಗು ಎರಡನೇ ಸಲ ಹತ್ತಿರ ಬರುವುದಿಲ್ಲ. ಈ ಹುಡುಗ ಬಾಯಿಟ್ಟ. ಮುಖ ಕಿವುಚಿದ. “ಅಮ್ಮ ಕೊಳೆ,” ಅಂದ. ಕೊರಳಿಗೆ ಕಟ್ಟಿದ್ದ ಬಟ್ಟೆಯಿಂದ ಒರೆಸಿದ. ಒರೆಸಿ ಕುಡಿದ.

ಅವಳ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ನಿಮ್ಮ ಬೇವಿಗಿಂತ ನಮ್ಮ ಹುಡುಗನೇ ಗಟ್ಟಿ ಬಿಡಿ,” ಅಂದರು.

ತಪ್ಪು ನನ್ನದೇ. ಹುಟ್ಟಿದ ತಿಂಗಳಿಂದ ವಾರಕ್ಕೊಂದು ಸಲ ಬಜೆ, ಕಹಿಬೇರು ಸಾಣೆಕಲ್ಲಿನ ಮೇಲೆ ತೇದು ಅವನ ನಾಲಿಗೆಗೆ ತಿಕ್ಕಿದವಳು ನಾನು. ನಾನು ಹೋದ ಮೇಲೂ ಬಿಡದೆ ತಿಕ್ಕಿ ಅಂತ ಅತ್ತೆಗೆ ಹೇಳಿದ್ದೆ. ಅವರು ಹೇಳಿದ ಹಾಗೆ ಮಾಡಿದ್ದರು. ಕಹಿ ಅವನಿಗೆ ಹೊಸದಲ್ಲ, ನಾನೇ ರುಚಿ ಹತ್ತಿಸಿದ್ದೆ. ನಾಲ್ಕನೇ ದಿನ ಕುಂಕುಮ ಕಲಸಿ ಹಚ್ಚಿ, ಗಾಯ ಆಗಿದೆ ಅಂದೆವು. ಉಫ್ ಉಫ್ ಅಂತ ಊದಿದ. ವಾಸಿಯಾಯಿತು ಅಂದುಕೊಂಡು ಕುಡಿದ. ಅವತ್ತು ತಾಯಿ ನಗಲಿಲ್ಲ.

ನಾಲ್ಕು ದಿನ ಹೋಗಿತ್ತು. ಇನ್ನು ಉಳಿದದ್ದು ಒಂದೇ ದಾರಿ. ಎಲ್ಲಾ ಮನೆಗಳಲ್ಲೂ ಕೊನೆಗೆ ನಾನು ಹೇಳುವುದು ಅದನ್ನೇ. ಮಗುವನ್ನು ದೂರ ಕಳಿಸಿ. ಕಣ್ಣಿಗೆ ಕಾಣದಿದ್ದರೆ ಬಾಯಿ ಕೇಳುವುದಿಲ್ಲ. ಅತ್ತೆಯ ತಂಗಿ ಮಂಡ್ಯದಲ್ಲಿದ್ದರು. ಐದನೇ ದಿನ ಮಧ್ಯಾಹ್ನದ ರೈಲಿಗೆ ಅತ್ತೆ ಮಗುವನ್ನು ಕರೆದುಕೊಂಡು ಹೋಗುವುದು, ಹತ್ತು ದಿನ ಬಿಟ್ಟು ಬರುವುದು ಅಂತಾಯಿತು. ತಾಯಿ ಒಪ್ಪಿದಳು. ಒಪ್ಪದೆ ಇನ್ನೇನು ಮಾಡುತ್ತಾಳೆ.

ಅವತ್ತು ನಾನು ನೆಲದ ಮೇಲೆ ಕೂತು ಮಗುವಿನ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದೆ. ತಾಯಿ ಮೇಜಿನ ಹತ್ತಿರ ನನಗೆ ಬೆನ್ನು ಹಾಕಿ ಕೂತಿದ್ದಳು. ಬ್ಯಾಗು ಕಾಣಬಾರದು ಅಂತ ಹಾಗೆ ಕೂತಳೋ ಏನೋ. ಸುಮ್ಮನಿದ್ದರೆ ಅಳುತ್ತಾಳೆ ಅಂತ ನಾನೇ ಕೇಳಿದೆ.

“ನಿನ್ ಗಾಮುಲ್ ಏನಾಯ್ತೇ?”

“ಅದೇ ಬೇರಿನ ಪದ ಎಲ್ಲೆಲ್ಲಿ ಬರುತ್ತೆ ಅಂತ ನೋಡ್ತಿದೀನಿ ಅಜ್ಜಿ. ಒಂದು ಕಡೆ ಒಣಗಿದ ಕೋಲು ಚಿಗುರಿ ಬಾದಾಮಿ ಕಾಯಿ ಬಿಟ್ಟು ಬಲೀತು ಅನ್ನೋಕೆ ಬಂದಿದೆ. ಇನ್ನೊಂದು ಕಡೆ ಹುಳಿ ದ್ರಾಕ್ಷಿ ಹಣ್ಣಾಗ್ತಾ ಇದೆ ಅನ್ನೋಕೆ.”

“ಮಗೂಗೂ ಕಾಯಿಗೂ ಒಂದೇ ಮಾತಾ? ಚೆನ್ನಾಗದೆ.”

“ಒಬ್ಬ ಮುದುಕ ಮಗ ಮೊಲೆ ಬಿಟ್ಟ ದಿನ ಊರಿಗೆಲ್ಲಾ ಊಟ ಹಾಕಿಸ್ತಾನೆ. ಅಲ್ಲೂ ಇದೇ.”

“ಅವಳು ಎದೆ ಕಟ್ಕೊಂಡು ನರಳ್ತಿರ್ತಾಳೆ, ಇವ್ನು ಊಟ ಹಾಕುಸ್ತಾನೆ.”

ಅವಳು ಸ್ವಲ್ಪ ನಕ್ಕಳು. ಆಮೇಲೆ ಧ್ವನಿ ಇಳಿಸಿದಳು. “ಇನ್ನೊಬ್ಬಳು ಇದಾಳೆ. ಮಕ್ಕಳಿಲ್ಲದೆ ಬೇಡಿಕೊಂಡು ಹೆತ್ತೋಳು. ದೇವರಿಗೇ ಕೊಡ್ತೀನಿ ಅಂತ ಹರಕೆ ಹೊತ್ತಿರ್ತಾಳೆ. ಮಗು ಮೊಲೆ ಬಿಡೋವರೆಗೂ ಇಟ್ಕೋತೀನಿ ಅಂತಾಳೆ ಗಂಡನಿಗೆ. ಬಿಡಿಸಿ ಆದ ಮೇಲೆ ಕರ್ಕೊಂಡು ಹೋಗಿ ಗುಡಿಯಲ್ಲಿ ಬಿಟ್ಟು ಬರ್ತಾಳೆ. ಆಮೇಲೆ ಪ್ರತಿ ವರ್ಷ ಅವನಿಗೊಂದು ಪುಟ್ಟ ಅಂಗಿ ಮಾಡಿ, ಪೂಜೆಗೆ ಹೋದಾಗ ಕೊಟ್ಟು ಬರ್ತಾಳೆ.”

ನನ್ನ ಕೈಯಲ್ಲಿ ಹಳದಿ ಅಂಗಿಯೊಂದಿತ್ತು. ಕೈ ಅಲ್ಲೇ ನಿಂತಿತು.

“ಅಳತೆ ಹೆಂಗ್ ಗೊತ್ತಾಗ್ತಿತ್ತಂತೆ ಅವ್ಳಿಗೆ?”

“ಏನು?”

“ವರ್ಷಕ್ಕೊಂದ್ಸಲ ನೋಡೋಳಿಗೆ, ಮಗು ಎಷ್ಟು ಬೆಳ್ದದೆ ಅಂತ, ಮನೇಲಿ ಕೂತು ಹೊಲಿಯೋಕೆ ಹೆಂಗ್ ಗೊತ್ತಾಗ್ತಿತ್ತು?”

“ಅದು ಬರೆದಿಲ್ಲ ಅಜ್ಜಿ.”

ಬರೆದಿರುವುದಿಲ್ಲ. ನನ್ನ ಮಗಳಿಗೆ ಎರಡು ತುಂಬಿರಲಿಲ್ಲ. ಕೆಂಗೇರಿ ಆಚೆಯ ಹಳ್ಳಿಯಲ್ಲಿ ನನ್ನ ಅವ್ವನ ಹತ್ತಿರ ಬಿಟ್ಟು, ರಾಜಾಜಿನಗರದ ಒಂದು ಮನೆಗೆ ಬಾಣಂತನಕ್ಕೆ ಬಂದು ಸೇರಿದೆ. ಅಲ್ಲೇ ಉಳಿದು ಮಾಡುವ ಕೆಲಸ. ಅವರ ಮಗು ಅತ್ತರೆ ನನ್ನ ಸೆರಗು ನೆನೆಯುತ್ತಿತ್ತು. ಒಂದೂವರೆ ತಿಂಗಳ ಮೇಲೆ ಊರಿಗೆ ಹೋದಾಗ ಮಗಳು ಅವ್ವನ ಸೀರೆ ಹಿಡಿದು ಹಿಂದೆ ನಿಂತು ನನ್ನನ್ನು ನೋಡಿದಳು. ಮಡಿಲಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ವರ್ಷ ವರ್ಷ ಯುಗಾದಿಗೆ ಒಂದು ಲಂಗ ಹೊಲಿಸಿ ಕಳಿಸುತ್ತಿದ್ದೆ. ದೂರ ಕಳಿಸಿದರೆ ಮಗು ಮೊಲೆ ಬಿಡುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಹೀಗೆ. ಅದನ್ನೇ ಇಷ್ಟು ವರ್ಷ ಮನೆಮನೆಗೂ ಮದ್ದು ಅಂತ ಹೇಳಿಕೊಂಡು ಬಂದಿದ್ದೆ.

“ಆ ಹಾಡಲ್ಲಿ ಮಗು ಎಲ್ಲಿದೆ ಅಂದೆ?” ಅಂತ ಕೇಳಿದೆ.

“ತಾಯಿ ಮೇಲೆ. ಅಲೇ ಇಮ್ಮೋ ಅಂತಿದೆ.”

“ಮಂಡ್ಯದಲ್ಲಿಲ್ಲ.”

ಅವಳು ತಿರುಗಿ ನೋಡಿದಳು. ನಾನು ಬ್ಯಾಗನ್ನು ತಲೆಕೆಳಗು ಮಾಡಿ ಬಟ್ಟೆ ಸುರಿದೆ. ಅಷ್ಟರಲ್ಲಿ ಅತ್ತೆ ಸೀರೆ ಉಟ್ಟು ಹೊರಟು ಬಂದರು.

“ಇದೇನ್ರೀ! ಕಳಿಸಿ ಅಂದೋರು ನೀವೇ ತಾನೇ? ಆಟೋ ಬಂದಿದೆ ಹೊರಗೆ.”

“ಅಂದಿದ್ದೆ. ತಪ್ಪು. ಆಟೋದವ್ನ ಕಳ್ಸಿ.”

“ಏಳೇ ದಿನ ಉಳಿದಿರೋದು. ಹಾಲು ನಿಲ್ಲದೇ ಇದ್ರೆ ಇವಳ ಗತಿ?”

“ನಿಲ್ಲುಸ್ತೀನಿ. ಅವ್ನೂ ಇಲ್ಲೇ ಇರ್ಬೇಕು, ಅವಳೂ ಇಲ್ಲೇ ಇರ್ಬೇಕು. ಮಡಿಲು ಕೊಡೋದು, ಹಾಲು ಕೊಡ್ದೆ ಇರೋದು.”

“ಅದು ಆಗೋ ಮಾತಾ?”

“ಗೊತ್ತಿಲ್ಲ ಕಣ್ರೀ. ನಾನೂ ಮಾಡಿಲ್ಲ,” ಅಂದೆ. ಅದು ನಿಜ.

ಮಾಡಿದ ವಿಧಾನ ಹೀಗಿತ್ತು. ತಾಯಿಗೆ ಹಿಂದೆ ಗುಂಡಿ ಇರುವ, ಕುತ್ತಿಗೆ ಮುಚ್ಚುವ ಅಂಗಿ ಹಾಕಿಸಿದೆ. ಮಲಗುವ ಹೊತ್ತಿನದೊಂದನ್ನು ಸದ್ಯಕ್ಕೆ ಉಳಿಸಿ, ಹಗಲು ಹಾಲಿನ ಹೊತ್ತು ಬಂದಾಗ ಅವಳು ತಪ್ಪಿಸಿಕೊಳ್ಳಬಾರದು, ಅವಳೇ ಕರೆದು ಕೂರಿಸಿಕೊಳ್ಳಬೇಕು. ಮಗುವಿನ ಬೆನ್ನು ತಾಯಿಯ ಎದೆಗೆ, ಮುಖ ನನ್ನ ಕಡೆಗೆ. ನಾನು ಎದುರಿಗೆ ಪಾತ್ರೆ, ಮುಚ್ಚಳ, ಕಡಲೆಕಾಯಿ ಇಟ್ಟುಕೊಂಡು ಕೂರುವುದು. ಅವನು ಅತ್ತರೆ ಅಳಲಿ. ಒದ್ದರೆ ಒದೆಯಲಿ. ತಾಯಿ ಏಳಬಾರದು. ‘ಹಾಲು ಮುಗೀತು, ಅಮ್ಮ ಇದೀನಿ’ ಅಂತ ಅಷ್ಟೇ ಹೇಳಬೇಕು. ಬೇರೆ ಸುಳ್ಳು ಹೇಳಬಾರದು.

ಆರನೇ ದಿನ ಅವನು ಅಂಗಿಯ ಕತ್ತು ಹಿಡಿದು ಜಗ್ಗಿ ಹರಿದ. ಏಳನೇ ದಿನ ತೋಳು ಕಚ್ಚಿದ. ಹಲ್ಲಿನ ಗುರುತು ನೀಲಿಯಾಯಿತು. ಪಕ್ಕದ ಮನೆಯವರು ಬಂದು, “ಏನು ಆಂಟಿ, ಮಗೂಗೆ ಹುಷಾರಿಲ್ವಾ?” ಅಂತ ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿ, “ಇವರನ್ನ ಕೇಳಿ, ಡಾಕ್ಟರಮ್ಮ,” ಅಂದರು. ಆ ಸಂಜೆ ನಾನು ಹೊರಡುವಾಗ ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು.

“ಅಜ್ಜಿ, ಕಳಿಸಿಬಿಡೋಣ್ವಾ? ನಾನು ಇಲ್ಲೇ ಇದ್ದೂ ಕೊಡ್ತಾ ಇಲ್ಲ ಅಂದ್ರೆ ಅವನಿಗೆ ಇನ್ನೂ ಸಂಕಟ ಅಲ್ವಾ?”

ನನಗೂ ಹಾಗೇ ಅನ್ನಿಸಿತ್ತು. “ಇನ್ನೆರಡು ದಿನ ನೋಡು,” ಅಂದೆ. ಬಸ್ಸಿನಲ್ಲಿ ಕೂತಾಗ, ನನ್ನ ಮಗಳು ನನ್ನನ್ನು ಕಚ್ಚಬೇಕಿತ್ತು ಅಂತ ಯೋಚನೆ ಬಂತು. ಕಚ್ಚುವುದಕ್ಕೆ ನಾನು ಇರಲಿಲ್ಲ.

ಎಂಟನೇ ದಿನ ಅಳು ಕಮ್ಮಿಯಾಯಿತು. ಕೇಳುತ್ತಿದ್ದ, ಇಲ್ಲ ಅಂದರೆ ಮುಖ ತಿರುಗಿಸಿ ಕಡಲೆಕಾಯಿ ಸುಲಿಯುತ್ತಿದ್ದ. ರಾತ್ರಿ ಎರಡು ಸಲ ಎದ್ದು ನೀರು ಕುಡಿದು ಮಲಗಿದನಂತೆ. ತಾಯಿಯ ಎದೆ ಮೆತ್ತಗಾಗುತ್ತ ಬಂದಿತ್ತು. ಮಲ್ಲಿಗೆ ಒಂದು ಮೊಳಕ್ಕೆ ಇಳಿಸಿದೆ.

ಒಂಬತ್ತನೇ ದಿನ ಬೆಳಿಗ್ಗೆ ಹತ್ತು ಗಂಟೆ. ತಾಯಿ ನೆಲದ ಮೇಲೆ ಗೋಡೆಗೆ ಒರಗಿ ಹಾಳೆ ನೋಡುತ್ತಿದ್ದಳು. ಅವತ್ತು ಅವನನ್ನು ಯಾರೂ ಕರೆಯಲಿಲ್ಲ. ಅವನೇ ಅಡುಗೆಮನೆಯಿಂದ ಸ್ಟೀಲ್ ಮುಚ್ಚಳವೊಂದನ್ನು ಹಿಡಿದುಕೊಂಡು ಬಂದ. ಹಾಳೆಗಳನ್ನು ಕಾಲಿನಿಂದ ಸರಿಸಿದ. ಮಡಿಲು ಹತ್ತಿದ. ಎದೆಯ ಕಡೆ ತಿರುಗುತ್ತಾನೆ ಅಂತ ನಾನು ಕಡಲೆಕಾಯಿ ಎತ್ತಿಕೊಂಡೆ. ಅವನು ತಾನೇ ನನ್ನ ಕಡೆ ತಿರುಗಿ, ತಲೆಯನ್ನು ಅವಳ ಗದ್ದದ ಕೆಳಗೆ ಇಟ್ಟು, ಅವಳ ಕಿವಿ ಹಿಡಿದುಕೊಂಡ. ಏನೂ ಕೇಳಲಿಲ್ಲ. ಮುಚ್ಚಳದಲ್ಲಿ ತನ್ನ ಮುಖ ನೋಡಿಕೊಂಡು ಕೂತಿದ್ದ.

ತಾಯಿ ನನ್ನನ್ನು ನೋಡಿದಳು. ಅವಳ ಅಂಗಿಯ ಮೇಲೆ ಒದ್ದೆ ಹರಡಿತು. ಮಗು ಕೇಳದಿದ್ದರೂ ಎದೆ ಕೊಟ್ಟಿತ್ತು. ಬೆನ್ನಿಗೆ ತಣ್ಣಗೆ ತಾಗಿರಬೇಕು, ಅವನು ಹಿಂದೆ ತಿರುಗಿ ಆ ಒದ್ದೆಯನ್ನು ನೋಡಿದ. ಮುಚ್ಚಳವನ್ನು ಅದರ ಮೇಲೆ ಇಟ್ಟು ಮುಚ್ಚಿದ. ಮತ್ತೆ ಒರಗಿದ.

ಹಾಲು ಕುಡಿದ ಕೂಸನ್ನು ನಾನು ಸಾವಿರ ನೋಡಿದ್ದೇನೆ. ಅದು ಸುಮ್ಮನಿರುವುದು ಹೊಟ್ಟೆ ತುಂಬಿ, ನಿದ್ದೆ ಬಂದು. ಯಾರ ಮಡಿಲು ಅಂತಲೂ ಅದಕ್ಕೆ ಬೇಡ. ಇವನು ಎಚ್ಚರವಾಗಿದ್ದ. ಹಾಲಿಲ್ಲ ಅಂತ ಗೊತ್ತಿದ್ದೂ ಬಂದಿದ್ದ. ಈ ಸುಮ್ಮನಿರುವಿಕೆಯನ್ನು ನಾನು ಯಾವ ಮನೆಯಲ್ಲೂ ನೋಡಿರಲಿಲ್ಲ. ನೋಡುವುದಕ್ಕೆ ಮೊದಲೇ ಮಗುವನ್ನು ದೂರ ಕಳಿಸಿರುತ್ತಿದ್ದೆ.

ಅವತ್ತು ಮಧ್ಯಾಹ್ನ ಮೇಷ್ಟ್ರ ಫೋನ್ ಬಂತು. ತಾಯಿ ಮಾತಾಡುವಾಗ, “ಇಲ್ಲಿ ಕೊಡು,” ಅಂದೆ.

“ನಮಸ್ಕಾರ ಸಾರ್. ನಾನು ಮಗು ನೋಡ್ಕೊಳೋ ಅಜ್ಜಿ. ಆ ಗಾಮುಲ್ ಮಾತು ತೆಗೀಬೇಡಿ.”

“ನಿಮಗೆ ಹೀಬ್ರೂ ಬರುತ್ತೇನಮ್ಮಾ? ಎಲ್ಲಿ ಓದಿದ್ರಿ?”

“ಬಚ್ಚಲುಮನೇಲಿ ಸಾರ್. ನಿಮಗೆ ಮಕ್ಕಳವ್ರಾ?”

“ಇಬ್ಬರು.”

“ಮೊಲೆ ಬಿಡ್ಸೋವಾಗ ನೀವೆಲ್ಲಿದ್ರಿ?”

“ಕಾಲೇಜಿಗೆ ಹೋಗಿರ್ತಿದ್ದೆ,” ಅಂದರು. ಆಮೇಲೆ ಅವರೇ ನಕ್ಕರು. “ಸರಿ, ಹೇಳಿ. ಅಳೋದಿಲ್ವಾ ಅದು?”

“ಅಳುತ್ತೆ. ಕಚ್ಚುತ್ತೆ. ಅತ್ತು ಕಚ್ಚಿ ಎಲ್ಲಾ ಆದ್ಮೇಲೆ ಒಂದಿನ ತಾನೇ ಬಂದು ಕೂತ್ಕೊಳ್ಳುತ್ತೆ. ಹಾಲಿಗಲ್ಲ. ಅವಳಿಗೆ. ನಿಮ್ಮ ಹಾಡಲ್ಲಿ ಸುಮ್ನಾಗ್ಸಿದೀನಿ ಅಂತ ಅದೆಯಲ್ಲ, ಅದಕ್ಕೆ ಮುಂಚೆ ಗಲಾಟೆ ಇತ್ತು ಅಂತ ತಾನೇ? ಹಾಲು ಕುಡ್ದ ಕೂಸನ್ನ ಯಾರು ಸುಮ್ನಾಗುಸ್ಬೇಕು?”

“ಹೂಂ,” ಅಂದರು ಮೇಷ್ಟ್ರು. “ಅವರಿಗೆ ಕೊಡಿ ಫೋನು.”

ಫೋನ್ ಇಟ್ಟ ಮೇಲೆ ತಾಯಿ ಒಂದು ಹಾಳೆಯಲ್ಲಿ ಬರೆದು ನನಗೆ ಕೊಟ್ಟಳು. ಕೂಡಿಸಿ ಕೂಡಿಸಿ ಓದಿದೆ. ಮೊಲೆ ಬಿಟ್ಟ ಮಗು ತಾಯಿಯ ಮೇಲೆ ಒರಗಿರುವಂತೆ. ಆ ಹಾಳೆ ಮಡಚಿ ನನ್ನ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡೆ.

ಹನ್ನೆರಡನೇ ದಿನಕ್ಕೆ ಮಲಗುವ ಹೊತ್ತಿನ ಹಾಲೂ ನಿಂತಿತು. ಆರು ವಾರ ಕಳೆದು ಔಷಧಿ ಕುಡಿಯುವುದಕ್ಕೆ ಹೋದವಳು ಮನೆಗೆ ಬಂದದ್ದು ಹತ್ತು ದಿನ ಬಿಟ್ಟು. ಆ ಹತ್ತು ದಿನವೂ ನಾನು ಹಗಲೆಲ್ಲ ಅಲ್ಲೇ ಇದ್ದೆ. ಅವಳು ಗೇಟು ತೆಗೆದಾಗ ಮಗು ನನ್ನ ಸೀರೆ ಹಿಡಿದು ಹಿಂದೆ ನಿಂತು ನೋಡಿತು. ನಾನು ಅಲ್ಲಾಡದೆ ನಿಂತೆ. ಅವಳೂ ಕರೆಯಲಿಲ್ಲ, ಮೆಟ್ಟಿಲ ಮೇಲೆ ಕೂತು ಮಡಿಲು ಸರಿಮಾಡಿಕೊಂಡಳು. ಅವನು ನನ್ನ ಸೆರಗು ಬಿಟ್ಟ. ಹೋಗಿ ಮಡಿಲು ಹತ್ತಿ, ತಿರುಗಿ ಕೂತು, ಅವಳ ಕಿವಿ ಹಿಡಿದುಕೊಂಡ.

ನನ್ನ ಕೆಲಸ ಮುಗಿದಿತ್ತು. ಅಲ್ಲಿಂದ ಮನೆಗೆ ಹೋಗಲಿಲ್ಲ. ವಿಜಯನಗರಕ್ಕೆ ಬಂದು ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಮಗಳು ಉಪನಗರದಲ್ಲಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಅವಳಿಗೂ ಕೂದಲು ಬೆಳ್ಳಗಾಗಿದೆ. ಹಬ್ಬ ಇಲ್ಲದ ದಿನ ನಾನು ಹೋದವಳಲ್ಲ.

“ಏನು ಹೇಳ್ದೆ ಕೇಳ್ದೆ ಬಂದ್ರಿ? ಹುಷಾರಿದೀರಾ?”

“ಹುಷಾರಾಗವ್ನಿ. ಒಂದ್ ಮಾತು ಕೇಳ್ಬೇಕಿತ್ತು. ನಾನು ಯುಗಾದೀಗೆ ಲಂಗ ಕಳುಸ್ತಿದ್ನಲ್ಲ, ಸರಿ ಆಗ್ತಿದ್ವಾ ನಿಂಗೆ?”

ಅವಳು ಕಾಫಿ ಸೋಸುತ್ತಿದ್ದಳು. ಸೋಸಿ ಮುಗಿಸಿದಳು.

“ಒಂದೂ ಆಗ್ತಿರ್ಲಿಲ್ಲ. ಅವ್ವ ಕೆಳಗೆ ಬೇರೆ ಬಟ್ಟೆ ಕೊಟ್ಟು ಉದ್ದ ಮಾಡೋಳು. ಬಿಟ್ಟು ಹೋದಾಗ ಎಷ್ಟಿದ್ನೋ ಆ ಮಗೂಗೇ ಹೊಲಿಸ್ತಿದ್ರಿ ನೀವು.”

“ಹಾಕ್ಕೊಳ್ತಿದ್ಯಾ?”

“ಹರಿಯೋವರೆಗೂ.”

ನಾನು ಲೋಟ ಕೆಳಗಿಟ್ಟೆ. “ಬಾ ಇಲ್ಲಿ. ನಿಂತ್ಕೋ.”

“ಯಾಕೆ?”

“ಅಳತೆ ಬೇಕು.”

“ಈಗಾ? ಈ ವಯಸ್ಸಲ್ಲಿ ಲಂಗ ಹಾಕ್ಕೊಂಡು ಅಂಗನವಾಡಿಗೆ ಹೋಗ್ಲಾ?”

“ನಿಂತ್ಕೊಳ್ಳೇ.”

ಬಂದು ನಿಂತಳು. ಸೊಂಟದಿಂದ ಹಿಡಿದು ಗೇಣು ಹಾಕಿಕೊಂಡು ಇಳಿದೆ. ಮಂಡಿ ದಾಟುವಾಗ ನನಗೆ ಬಗ್ಗಲು ಆಗದೆ ನೆಲಕ್ಕೆ ಕೂತೆ. ಪಾದದ ಗಂಟಿಗೆ ಐದು ಗೇಣು ಆಯಿತು. ಮರೆಯಬಾರದು ಅಂತ ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಅಳೆದೆ. ಅವಳು ಏನೂ ಕೇಳಲಿಲ್ಲ. ಬೀಳದಿರಲಿ ಅಂತ ನನ್ನ ತಲೆಯ ಮೇಲೆ ಒಂದು ಕೈ ಊರಿಕೊಂಡು, ಅಳೆದು ಮುಗಿಯುವವರೆಗೂ ಸುಮ್ಮನೆ ನಿಂತಿದ್ದಳು.